ಪಾಯವಿಲ್ಲದ ಮನೆಯಲ್ಲಿ ಹಾಲು ಉಕ್ಕಿದ ದಿನ

ಸ್ವಲ್ಪ ತಾಳಿ. ಇದರಲ್ಲಿ ಹಾಲು ಉಕ್ಕುವುದಿದೆ, ಅದೂ ಉಕ್ಕಬಾರದ ಕಡೆ. ಅಲ್ಲಿಯವರೆಗೆ ನೀವು ನನ್ನ ಜೊತೆ ಒಲೆ ಮುಂದೆ ನಿಂತು ಕಾಯಬೇಕು. ಮೊದಲು ಗಾಡಿಯ ವಿಷಯ ಹೇಳದಿದ್ದರೆ ಹಾಲಿನ ವಿಷಯ ಅರ್ಥವಾಗುವುದಿಲ್ಲ.

ನನ್ನ ಹತ್ತಿರ ಒಂದು ಟ್ರೈಲರ್ ಮನೆ ಇದೆ. ಜೀಪಿನ ಹಿಂದೆ ಕೊಕ್ಕೆ ಹಾಕಿಕೊಂಡು ಎಳೆದೊಯ್ಯುವಂಥದ್ದು. ಅದಕ್ಕೆ ಇಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ. ಎರಡು ಚಕ್ರ, ಮುಂದೆ ಮೂಗಿನ ಹಾಗೆ ಚಾಚಿಕೊಂಡ ಕಬ್ಬಿಣ, ನಿಲ್ಲಿಸಿದಾಗ ಆ ಮೂಗನ್ನು ಹೊರುವುದಕ್ಕೆ ಒಂದು ಪುಟ್ಟ ಚಕ್ರ. ಒಳಗೆ ಮಡಚುವ ಮಂಚಗಳು, ಒಲೆ, ಸಿಂಕು, ನೀರಿನ ಟ್ಯಾಂಕು, ಎರಡು ಕಿಟಕಿ. ಕಟ್ಟಿದ್ದು ನಾನೇ. ಯಾರೂ ಹೇಳಿಕೊಡಲಿಲ್ಲ. ಇಂದಿರಾನಗರದ ಒಂದು ಅಂಗಡಿಯಲ್ಲಿ ಅಡುಗೆಮನೆಯ ಕಪಾಟುಗಳನ್ನು ಜೋಡಿಸುವ ಕೆಲಸ ನನ್ನದು. ಅಲ್ಲಿ ಕತ್ತರಿಸಿ ಉಳಿದ ಪ್ಲೈವುಡ್ ತುಂಡುಗಳನ್ನು ನೋಡಿ ನೋಡಿ ಈ ಹುಚ್ಚು ಹತ್ತಿತು. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಕಾಗದದಲ್ಲಿ ಗೀಚುವುದು, ತಪ್ಪು ಅಳತೆ ಕೊಯ್ಯುವುದು, ಮತ್ತೆ ನೋಡುವುದು. ಕೆಳಗಿನ ಕಬ್ಬಿಣದ ಚೌಕಟ್ಟನ್ನು ಮಾತ್ರ ಶಿವಾಜಿನಗರದ ಗುಜರಿ ಬೀದಿಯಲ್ಲಿ ಒಬ್ಬ ವೆಲ್ಡಿಂಗ್ ಭಾಯಿ ಮಾಡಿಕೊಟ್ಟರು. ಅವರು ಅದನ್ನು ಮೊದಲ ದಿನದಿಂದಲೂ ಕರೆದದ್ದು ‘ಡಬ್ಬಾ’ ಎಂದೇ.

ಡಬ್ಬ ಓಡಿತು. ಟೆಕ್ ಪಾರ್ಕಿನವರು ಶನಿವಾರ ಭಾನುವಾರಕ್ಕೆ ಬಾಡಿಗೆಗೆ ಕೇಳುತ್ತಿದ್ದರು. ನಾನೇ ಜೀಪಿನಲ್ಲಿ ಎಳೆದುಕೊಂಡು ಹೋಗಿ ಯಾವುದಾದರೂ ಕೆರೆದಂಡೆಯಲ್ಲಿ, ಬೆಟ್ಟದ ಬುಡದಲ್ಲಿ ಬಿಟ್ಟು, ಮರುದಿನ ಹೋಗಿ ತರುತ್ತಿದ್ದೆ. ಅವರು ಒಳಗೆ ಏನು ಮಾಡುತ್ತಿದ್ದರು ಎನ್ನುವುದು ನನಗೆ ಯಾವಾಗಲೂ ಕುತೂಹಲ. ವಾಪಸ್ ಬಂದ ಗಾಡಿಯ ಕಸದ ಬುಟ್ಟಿ ನೋಡಿಯೇ ಊಹಿಸುತ್ತಿದ್ದೆ: ಇವರು ಜಗಳವಾಡಿದ್ದಾರೆ, ಇವರು ಇಡೀ ದಿನ ನಿದ್ದೆ ಮಾಡಿದ್ದಾರೆ, ಇವರು ನೂಡಲ್ಸ್ ಬಿಟ್ಟು ಬೇರೇನೂ ಮಾಡಿಕೊಂಡಿಲ್ಲ.

ಆಮೇಲೆ ಮಾರ್ಕೆಟ್ ಡಲ್ ಆಯಿತು. ಪೇಪರಿನಲ್ಲಿ ಆರ್ಥಿಕ ಹಿಂಜರಿತ ಎಂದು ಬರೆಯುವುದಕ್ಕಿಂತ ಮೊದಲೇ ಅದು ನನ್ನ ಫೋನಿಗೆ ಬಂದಿತ್ತು. ಎರಡು ದಿನಕ್ಕೆ ಕೇಳುತ್ತಿದ್ದವರು ಒಂದು ದಿನಕ್ಕೆ ಕೇಳಿದರು. ಆಮೇಲೆ, “ಎಲ್ಲೂ ಹೋಗಲ್ಲ, ಬರೀ ಫೋಟೋಗೆ ಒಂದ್ ಗಂಟೆ ಕೊಡ್ತೀರಾ?” ಆಮೇಲೆ ಯಾರೂ ಕೇಳಲಿಲ್ಲ. ಸಿ.ವಿ. ರಾಮನ್ ನಗರದ ನನ್ನ ರೂಮಿನ ಕೆಳಗೆ ಇಸ್ತ್ರಿ ಮಾಡುವವರೊಬ್ಬರಿದ್ದಾರೆ. “ಆಫೀಸ್ ಶರ್ಟು ಬರ್ತಾನೇ ಇಲ್ಲಮ್ಮ, ಬರೀ ಬೆಡ್‌ಶೀಟು” ಎಂದರು. ನಮ್ಮ ಅಂಗಡಿಯಲ್ಲೂ ಹೊಸ ಅಡುಗೆಮನೆ ಮಾಡಿಸುವವರು ನಿಂತುಹೋದರು, ಹಳೆಯ ಬಾಗಿಲಿಗೆ ಹೊಸ ಹಿಡಿ ಹಾಕಿಸುವವರು ಮಾತ್ರ ಉಳಿದರು. ನನ್ನ ಸಂಬಳ ಅರ್ಧವಾಯಿತು.

ಜೀಪ್ ಮಾರಿದೆ. ಎಳೆಯುವ ಗಾಡಿಯನ್ನು ಮಾರಿ ಎಳೆಸಿಕೊಳ್ಳುವ ಗಾಡಿಯನ್ನು ಇಟ್ಟುಕೊಂಡೆ. ಅದಕ್ಕೆ ಅತಿ ಹೆಚ್ಚು ನಕ್ಕವರು ಕೆ.ಆರ್. ಪುರದ ಯಜಮಾನರು.

ಅವರ ವಿಷಯ ಹೇಳಬೇಕು. ಅವರದು ಅಲ್ಲಿನ ಹಳೇ ಊರಿನ ಮನೆ. ಹಿಂದೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಎದುರಿಗೆ ಪಿ.ಜಿ., ಪಕ್ಕದಲ್ಲಿ ಟೈಲ್ಸ್ ಗೋಡೌನ್. ಉಳಿದದ್ದು ವಾಸದ ಮನೆ, ಅದರ ಮೇಲೆ ಬಾಡಿಗೆಗೆ ಕಟ್ಟಿಸಿದ ಒಂದು ಮಹಡಿ, ಓಣಿಯ ಆಚೆ ಒಂದು ಖಾಲಿ ಸೈಟು. ಸೈಟಿನ ಮೂಲೆಯಲ್ಲಿ ಕೊಟ್ಟಿಗೆ, ಒಂದೇ ಹಸು, ನಲ್ಲಿ, ಹಳೆಯ ಬಚ್ಚಲು. ಅವರ ಅಡುಗೆಮನೆಗೆ ಕಪಾಟು ಹಾಕಲು ಹೋದಾಗ ಪರಿಚಯವಾಗಿ, ಡಬ್ಬವನ್ನು ಆ ಸೈಟಿನಲ್ಲಿ ನಿಲ್ಲಿಸಿಕೊಳ್ಳಲು ಬಿಟ್ಟಿದ್ದರು. ಸಂಜೆ ಅದರ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

“ಅಲ್ಲ ಕಣಮ್ಮ, ಎತ್ತು ಮಾರಿ ಗಾಡಿ ಇಟ್ಕಂಡಿದೀಯಲ್ಲ, ನಿನ್ನಂತೋಳ್ನ ನಾನೆಲ್ಲೂ ಕಾಣೆ!”

“ಎತ್ತು ಮತ್ತೆ ತಗೋಬೋದು ತಾತ. ಗಾಡಿ ನಾನು ಕಟ್ಟಿದ್ದು.”

“ಅದೂ ದಿಟವೇ ಅನ್ನು.”

ಅಷ್ಟರಲ್ಲಿ ಡಬ್ಬವನ್ನೇ ಕೊಳ್ಳುತ್ತೇನೆಂದು ಇಂದಿರಾನಗರದಿಂದ ಒಬ್ಬ ಗಿರಾಕಿ ಬಂದ. ಚಾಟ್ ಅಂಗಡಿಗಳನ್ನು ಇಡುವವನು. ಡಬ್ಬದ ಸುತ್ತ ಒಂದು ಸುತ್ತು ಹಾಕಿ, ಎಡಗಡೆಯ ಗೋಡೆಯ ಮೇಲೆ ಬೆರಳಲ್ಲೇ ಗೆರೆ ಎಳೆದ.

“ಇಲ್ಲಿಂದ ಇಲ್ಲೀವರ್ಗೂ ಕಟ್ ಮಾಡ್ಬಿಟ್ರೆ ಕೌಂಟರ್ ಸೂಪರ್ ಆಗಿರುತ್ತೆ ಮೇಡಂ. ಒಳಗಿರೋ ಮಂಚ ಗಿಂಚ ಎಲ್ಲ ಕಿತ್ತಾಕ್ಬೋದು. ಪಾನಿಪುರಿಗೆ ಮಂಚ ಯಾಕೆ?”

ಅವನ ತಪ್ಪೇನಿಲ್ಲ. ಒಳ್ಳೆಯ ಬೆಲೆಯನ್ನೇ ಹೇಳಿದ. ಆದರೆ ಆ ಬೆರಳು ಗೋಡೆಯ ಮೇಲೆ ಓಡಿದಾಗ ನನ್ನ ಪಕ್ಕೆಗೇ ಚಳಿಯಾಯಿತು. ಸ್ವಲ್ಪ ಸಮಯ ಕೇಳಿದೆ. ಶಿವಾಜಿನಗರಕ್ಕೆ ಹೋಗಿ ಭಾಯಿಯ ಹತ್ತಿರ ಗೋಳು ಹೇಳಿಕೊಂಡೆ. ಅವರು ಕನ್ನಡಕ ಹಣೆಗೆ ಏರಿಸಿ, “ಅರೆ ಬೇಟಿ, ಕುದುರೆ ಇದ್ರೆ ಹುಲ್ಲು ಕೇಳ್ತದೆ. ಇದು ಲೋಹಾ. ಏನ್ ಕೇಳ್ತದೆ? ಜಾಗ ಕೇಳ್ತದೆ, ಅಷ್ಟೇ. ಜಾಗ ಇರೋವರ್ಗೂ ನಿಲ್ಸು” ಎಂದರು.

ಜಾಗ ಕೊಟ್ಟಿದ್ದ ಯಜಮಾನರು ಆ ವಾರವೇ ತೀರಿಕೊಂಡರು. ಬೆಳಿಗ್ಗೆ ಹಸುವಿಗೆ ನೀರಿಟ್ಟು ಬಂದು ಜಗಲಿಯ ಮೇಲೆ ಒರಗಿದವರು ಏಳಲಿಲ್ಲ.

ನಾನು ತಿಥಿಯ ಊಟಕ್ಕೆ ಹೋದಾಗ ಮನೆಯಲ್ಲಿ ಅಳುವಿಗಿಂತ ಚರ್ಚೆಯೇ ಜೋರಾಗಿತ್ತು. ಅವರು ಹೋದ ನಕ್ಷತ್ರ ಒಳ್ಳೆಯದಲ್ಲವಂತೆ. ಮೂರು ತಿಂಗಳು ಮನೆ ಬಿಡಬೇಕಂತೆ. ದಾವಣಗೆರೆಯ ಕಡೆಯಿಂದ ಬಂದ ನಮ್ಮ ಮನೆಯಲ್ಲಿ ಇಂಥದ್ದನ್ನು ನಾನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಮುಳ್ಳಿನ ಕೊಂಬೆಯನ್ನು ಅಡ್ಡ ಇಟ್ಟು, ಎಲ್ಲರೂ ಹೊರಗೆ ಹೋಗಿ ಬದುಕುವುದು. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ ವಾಪಸ್ ಬರುವುದು.

“ಮೇಲ್ಗಡೆ ಮಹಡಿ ಖಾಲಿ ಇದ್ಯಲ್ಲ?” ಎಂದು ಕೇಳಿದೆ. ಬಾಡಿಗೆಗಿದ್ದವರು ಕೆಲಸ ಹೋಗಿ ಊರಿಗೆ ಹೊರಟು, ‘ಮನೆ ಬಾಡಿಗೆಗಿದೆ’ ಬೋರ್ಡು ಅಲ್ಲೇ ನೇತಾಡುತ್ತಿತ್ತು.

“ಪಾಯ ಒಂದೇ ಅಲ್ವೇನಮ್ಮ?” ಎಂದರು ಅಜ್ಜಿ, ಯಜಮಾನರ ಹೆಂಡತಿ. “ಕೆಳಗಿನ ಪಾಯ ಬಿಟ್ಮೇಲೆ ಮ್ಯಾಲಿನ ಮನೆ ಬೇರೆ ಆಯ್ತದಾ?”

ಅವರ ಮಗ ಸುತ್ತಲಿನ ಬೀದಿಗಳಲ್ಲಿ ಬಾಡಿಗೆ ಮನೆ ಹುಡುಕಿ ಸುಸ್ತಾಗಿದ್ದರು. ಬೋರ್ಡುಗಳೇನೋ ಎಲ್ಲ ಕಡೆ ಇದ್ದವು. ಆದರೆ ಮೂರೇ ತಿಂಗಳಿಗೆ ಯಾಕೆ ಎಂದು ಓನರುಗಳು ಕೇಳುತ್ತಿದ್ದರು. ಕಾರಣ ಹೇಳಿದ ತಕ್ಷಣ, “ಬೇಜಾರ್ ಮಾಡ್ಕೋಬೇಡಿ ಗೌಡ್ರೇ” ಎಂದು ಗೇಟು ಹಾಕುತ್ತಿದ್ದರು. ಜೊತೆಗೆ ಅಜ್ಜಿ ಹಸುವನ್ನು ಬಿಟ್ಟು ದೂರ ಹೋಗುವುದಿಲ್ಲ ಎಂದು ಕೂತಿದ್ದರು.

ಆಗ ನನ್ನ ಬಾಯಿಂದ ಯೋಚನೆಗಿಂತ ಮೊದಲೇ ಮಾತು ಬಂತು. “ಅಜ್ಜಿ, ಡಬ್ಬಕ್ಕೆ ಪಾಯ ಇಲ್ಲ.”

ಎಲ್ಲರೂ ನನ್ನನ್ನು ನೋಡಿದರು. ಮಗ ನಕ್ಕರು. ಅಜ್ಜಿ ನಗಲಿಲ್ಲ. ಎದ್ದು ಓಣಿ ದಾಟಿ ಹೋಗಿ ಡಬ್ಬದ ಕೆಳಗೆ ಬಗ್ಗಿ ನೋಡಿದರು.

“ಹೊಸ್ತಿಲು ಐತಾ?”

“ಇಲ್ಲ. ಬರೀ ಮೆಟ್ಟಿಲು. ಅದನ್ನೂ ಮಡಚ್ಬೋದು.”

“ಮನೆ ಅಲ್ಲ ಹಂಗಾದ್ರೆ.” ಅದು ತೀರ್ಪು.

ಮೂರು ತಿಂಗಳ ಬಾಡಿಗೆ ಎಂದು ಮಾತಾಯಿತು. ಅಷ್ಟಿದ್ದರೆ ಗಿರಾಕಿಗೆ ಇನ್ನೂ ಮೂರು ತಿಂಗಳು ಬೇಡ ಎನ್ನಬಹುದು. ಅಷ್ಟೇ ನನಗೆ ಬೇಕಾಗಿದ್ದದ್ದು. ಆಮೇಲಿನದು ಆಮೇಲೆ. ನಾನು ಒಳಗೆಲ್ಲ ಒರೆಸಿ, ಟ್ಯಾಂಕು ತುಂಬಿಸಿ, ಅಜ್ಜಿ ಹತ್ತಲು ಒಂದು ಹಿಡಿ ಜಡಿದೆ. ಅಜ್ಜಿ, ಮಗ, ಸೊಸೆ ಮೂವರೂ ಬೆಳಿಗ್ಗೆ ಬಟ್ಟೆಗಂಟು, ಪಾತ್ರೆಗಳ ಜೊತೆ ಓಣಿ ದಾಟಿ ಬಂದರು. ಎದುರು ಪಿ.ಜಿ.ಯವರು ಬಾಲ್ಕನಿಯಲ್ಲಿ ಟವಲ್ ಹಿಡಿದುಕೊಂಡು ನೋಡುತ್ತಿದ್ದರು. ಸೊಸೆ ಆಗಷ್ಟೇ ಕರೆದ ಹಾಲನ್ನು ಪಾತ್ರೆಗೆ ಸುರಿದು ಒಲೆಗಿಟ್ಟು, ಮಾವನ ಚಾಪೆಯನ್ನು ತರಬೇಕೋ ಬೇಡವೋ ಎಂದು ಗಂಡನನ್ನು ಕೇಳಲು ಹೊರಗೆ ತಲೆ ಹಾಕಿದರು.

ಇಗೋ ಹಾಲು.

ಈಗ ನನ್ನ ಕಡೆಯ ಒಂದು ಸಂಗತಿ. ಟ್ರೈಲರನ್ನು ನಿಲ್ಲಿಸಿದಾಗ ಮುಂದಿನ ಪುಟ್ಟ ಚಕ್ರವನ್ನು ತಿರುಗಿಸಿ ಏರಿಸಿ ಇಳಿಸಿ ನೆಲವನ್ನು ಮಟ್ಟ ಮಾಡಬೇಕು. ಕೆರೆದಂಡೆಯಲ್ಲಿ ನಾನು ಯಾವಾಗಲೂ ಮಾಡುತ್ತಿದ್ದೆ. ಇಲ್ಲಿ ಗಾಡಿ ತಿಂಗಳುಗಟ್ಟಲೆ ಸುಮ್ಮನೆ ನಿಂತಿತ್ತಲ್ಲ, ನನಗೆ ಹೊಳೆಯಲೇ ಇಲ್ಲ. ಮೂಗು ತಗ್ಗಿತ್ತು. ಮೂಗು ಪೂರ್ವಕ್ಕಿತ್ತು. ಹಾಲು ಕೆನೆ ಎತ್ತಿ, ಪಾತ್ರೆಯ ಒಂದೇ ಅಂಚಿನಿಂದ ಬೆಳ್ಳಗೆ ನೊರೆನೊರೆಯಾಗಿ ಪೂರ್ವಕ್ಕೆ ಉಕ್ಕಿ ಹರಿಯಿತು.

ಅಜ್ಜಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವರು ಅಲ್ಲೇ ನಿಂತರು.

“ಅಯ್ಯಯ್ಯೋ! ಮೂಡಲಕ್ಕೇ ಉಕ್ಕಿಸ್ಬಿಟ್ಯಲ್ಲೇ!”

“ಅತ್ತೆ, ನಾನ್ ಉಕ್ಕಿಸ್ಲಿಲ್ಲ, ಅದೇ ಉಕ್ಕೋಯ್ತು!”

“ಬಂದ್ ಗಳಿಗೇಲಿ, ಮೊದಲ ಒಲೇಲಿ, ಮೂಡಲಕ್ಕೆ! ಇನ್ನೇನ್ ಉಳ್ಕಂತು? ಗೃಹಪ್ರವೇಶ ಆಗೋಯ್ತಲ್ಲ! ಸತ್ತೋರಿಗೆ ವರ್ಷ ತುಂಬಿಲ್ಲ, ಹೊಸಮನೆ ಹೊಕ್ಕಂಗಾಯ್ತಲ್ಲ!”

ನನಗೆ ನಗು ಬಂತು, ಆದರೆ ಅಜ್ಜಿಯ ಮುಖ ನೋಡಿ ನಿಂತಿತು. ಹೊಸಮನೆ ಕಟ್ಟಿದವರು ಪುರೋಹಿತರನ್ನು ಕೂರಿಸಿ, ಪಾತ್ರೆ ವಾಲಿಸಿ, ಪೂರ್ವಕ್ಕೆ ಉಕ್ಕಲಿ ಎಂದು ಕೈಮುಗಿದುಕೊಂಡು ನಿಲ್ಲುತ್ತಾರೆ. ಇಲ್ಲಿ ಯಾರೂ ಕೇಳದೆ ಅದು ಆಗಿಬಿಟ್ಟಿತ್ತು, ಅದೂ ಯಾವ ಶುಭವೂ ಆಗಬಾರದ ಮನೆಯವರಿಗೆ. ಅಜ್ಜಿ ಕಾಲು ಹಿಂದಕ್ಕೆ ತೆಗೆದುಕೊಂಡು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತರು. “ನಾ ಒಳೀಕ್ ಬರಕ್ಕಿಲ್ಲ. ಹಸಿನ್ ತಾವೇ ಮಲ್ಕತೀನಿ.”

ಮಗ ಜೋಯಿಸರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ, “ಏನಂದ್ರಿ? ಚಕ್ರದ ಮನೇನಾ? ನೋಡ್ರಿ, ನಮ್ಮ ಪುಸ್ತಕದಲ್ಲಿ ಚಕ್ರದ್ದು ಬಂದಿಲ್ಲ” ಎಂದರು. “ಮನೆ ಆದ್ರೆ ದೋಷ, ಗಾಡಿ ಆದ್ರೆ ಇಲ್ಲ. ಯಾವ್ದು ಅಂತ ನೀವೇ ಹೇಳ್ಬೇಕು.”

ನಾನು ಮೂಗಿನ ಹತ್ತಿರ ಕೂತು, ಈಗಲಾದರೂ ಮಟ್ಟ ಮಾಡೋಣ ಎಂದು ಪುಟ್ಟ ಚಕ್ರವನ್ನು ತಿರುಗಿಸುತ್ತಿದ್ದೆ. ನಿಜವಾಗಿಯೂ ನನಗೆ ತಿಳಿದುಕೊಳ್ಳಬೇಕಿತ್ತು. ಕಟ್ಟಿದವಳು ನಾನು, ಕಟ್ಟಿದ್ದು ಏನು ಎಂದೇ ಯಾರೂ ನನ್ನನ್ನು ಕೇಳಿರಲಿಲ್ಲ. “ಅಜ್ಜಿ, ಒಂದು ಕೇಳ್ಲಾ? ಮನೆ ಅಂದ್ರೆ ನಿಮಗೆ ಏನು? ಪಾಯ ಒಂದೇನಾ?”

“ಮನೆ ಅಂದ್ರೆ ನಾವು ಎಲ್ಲೋದ್ರೂ ಅದು ಅಲ್ಲೇ ಇರ್ತದೆ.”

“ಗಾಡಿ ಅಂದ್ರೆ?”

“ನಮ್ ಜೊತ್ಗೆ ಬರ್ತದೆ.”

“ಹಂಗಾದ್ರೆ ಇದು ಬರುತ್ತಲ್ಲ. ಎಳೆದ್ರೆ ಬರುತ್ತೆ.”

ಅಜ್ಜಿ ನನ್ನನ್ನೂ ಚಕ್ರವನ್ನೂ ನೋಡಿದರು. “ಬರ್ಲಿ ನೋಡಾನ. ಬಂದ್ರೆ ಗಾಡಿ. ಬರ್ದಿದ್ರೆ ಮನೆ.”

ಜೀಪಿಲ್ಲ! ತಾತ ನಕ್ಕದ್ದು ಆಗ ಅರ್ಥವಾಯಿತು. ಮಗ ಒಂದು ಕಡೆ, ನಾನು ಒಂದು ಕಡೆ ಹಿಡಿದು ತಳ್ಳಿದೆವು. ಡಬ್ಬ ಅಲ್ಲಾಡಲಿಲ್ಲ. ಇಷ್ಟು ದಿನ ನಿಂತು ನಿಂತು ಟಯರು ನೆಲಕ್ಕೆ ಅಂಟಿಕೊಂಡಂತಾಗಿತ್ತು, ಬೇರಿಂಗು ಬಿಗಿದಿತ್ತು. ಅಜ್ಜಿ ಕಲ್ಲಿನ ಮೇಲಿಂದಲೇ ನೋಡುತ್ತಿದ್ದರು. ಸೊಸೆ ಸೆರಗು ಸಿಕ್ಕಿಸಿ ಬಂದರು. ಆದರೂ ಇಲ್ಲ. ಇದು ಮನೆಯೇ ಆಗಿಬಿಟ್ಟರೆ ಇವರು ಹೊರಡುತ್ತಾರೆ, ನಾನು ಸಂಜೆಯೇ ಇಂದಿರಾನಗರಕ್ಕೆ ಫೋನ್ ಮಾಡಬೇಕು, ಗೋಡೆ ಕೊಯ್ಯುವ ಮಿಷಿನ್ನು ಬರುತ್ತದೆ. ಇದೆಲ್ಲ ತಲೆಯಲ್ಲಿ ಓಡುತ್ತಿತ್ತು.

ಬಾಲ್ಕನಿಯಿಂದ ಒಬ್ಬ ಕೂಗಿದ. “ಅಕ್ಕಾರ, ಹಂಗ ನೂಕಿದ್ರ ಬರೂದಿಲ್ಲರಿ! ತಡೀರಿ, ಬಂದ್ವಿ!”

ಪಿ.ಜಿ.ಯಿಂದ ನಾಲ್ಕೈದು ಮಂದಿ ಇಳಿದು ಬಂದರು. ಕೆಲಸ ಹೋಗಿ, ಇಂಟರ್‌ವ್ಯೂ ಕರೆ ಬರಲಿ ಎಂದು ಫೋನನ್ನು ಜೇಬಿನಲ್ಲಿಟ್ಟುಕೊಂಡು ಕಾಯುತ್ತಿದ್ದವರು. ಬಾಗಲಕೋಟೆಯ ಕಡೆಯವನು ಮೇಸ್ತ್ರಿಯಾಗಿ ಮುಂದೆ ನಿಂತ. “ಲೇ, ನೀ ಚಕ್ರ ಹಿಡಿ. ಮೊದ್ಲ ಹಿಂದಕ ಒಂದ್ ಸ್ವಲ್ಪ ಆಡಸ್ರಿ, ಆಮ್ಯಾಲ ಮುಂದಕ.”

“ಮಗಾ, ಜಿಮ್ ಫೀಸ್ ಉಳೀತು ಗುರು ಇವತ್ತು!” ಇನ್ನೊಬ್ಬ.

“ಮಾತ್ ಕಡಿಮಿ ಮಾಡಿ ಜೋರ್ ಹಚ್ಚಲೇ!”

ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಕಿರ್ರ್ ಎಂದಿತು. ನಾನು ಎಣ್ಣೆ ಬಿಟ್ಟೆ. ಆಗ ಅಜ್ಜಿ ಎದ್ದು ಬಂದರು. “ನಿಲ್ಲಿ. ಖಾಲಿ ಗಾಡಿ ಉಳ್ಳುದ್ರೆ ಏನ್ ಬಂತು? ನನ್ನ ಹೊತ್ಕಂಡು ಉಳ್ಳಬೇಕು” ಎಂದು, ಹಿಡಿ ಹಿಡಿದು ಹತ್ತಿ ಒಳಗೆ ಹೋಗಿ ಕಿಟಕಿಯ ಪಕ್ಕ ಕೂತುಬಿಟ್ಟರು.

ಇನ್ನೂ ಭಾರವಾಯಿತು ಎಂದುಕೊಂಡೆವು. ಆದರೆ ಎಲ್ಲರೂ ಒಂದೇ ಉಸಿರಿಗೆ ತಳ್ಳಿದಾಗ ಡಬ್ಬ ಮೆಲ್ಲಗೆ, ನಿದ್ದೆಯಿಂದ ಎದ್ದವರ ಹಾಗೆ, ಉರುಳಿತು. ಕೊಟ್ಟಿಗೆ ದಾಟಿತು. ನಲ್ಲಿ ದಾಟಿತು. ಹಸು ಕತ್ತೆತ್ತಿ ನೋಡಿತು. ಕಿಟಕಿಯಲ್ಲಿ ಅಜ್ಜಿಯ ಮುಖ.

“ಎಲ್ಲೀಗ್ ಬಂತು ಅಜ್ಜಿ?” ಮೇಸ್ತ್ರಿ ಕೂಗಿದ.

“ಹೊಸಕೋಟೆ ದಾಟ್ತಾ ಐತೆ, ನೂಕ್ರಪ್ಪ!”

“ಇನ್ನೂ ಎಲ್ಲೀತನಕರಿ?”

“ಕೋಲಾರ ಬರ್ಲಿ, ಕಾಪಿ ಕೊಡುಸ್ತೀನಿ!”

ಸೈಟಿನ ಆಚೆ ಬೇಲಿಗೆ ಮೂಗು ತಾಗುವ ಹೊತ್ತಿಗೆ ಎಲ್ಲರೂ ನಗುತ್ತಿದ್ದರು. ಗಂಡನನ್ನು ಕಳೆದುಕೊಂಡ ಮೇಲೆ ಮೊದಲ ಸಲ ಅಜ್ಜಿ ನಕ್ಕದ್ದು. ನಕ್ಕು, ಅದೇ ಕಿಟಕಿಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾವು ತಳ್ಳುವುದನ್ನು ನಿಲ್ಲಿಸಿದೆವು. ಬಾಗಲಕೋಟೆಯವನು ಚಕ್ರಕ್ಕೆ ಕಲ್ಲು ಕೊಟ್ಟ.

ಆಮೇಲೆ ಅಜ್ಜಿಯೇ ಒಂದು ಕ್ರಮ ಮಾಡಿದರು. ಪ್ರತಿ ಅಮಾವಾಸ್ಯೆಗೂ ಹುಣ್ಣಿಮೆಗೂ ಡಬ್ಬ ಒಂದಿಷ್ಟು ದೂರ ಉರುಳಬೇಕು, ಒಳಗೆ ತಾವು ಕೂತಿರಬೇಕು, ಉರುಳಿಸಿದವರಿಗೆಲ್ಲ ಕಾಫಿ. ಜೋಯಿಸರೂ ಫೋನಿನಲ್ಲಿ ಒಪ್ಪಿದರು. ನನಗೆ ಇದರಲ್ಲಿ ಮಜಾ ಎನಿಸಿದ್ದು ಇನ್ನೊಂದು. ನಿಂತ ಟ್ರೈಲರನ್ನು ಆಗಾಗ ಸ್ವಲ್ಪ ಉರುಳಿಸುತ್ತಿರಬೇಕು, ಇಲ್ಲದಿದ್ದರೆ ಟಯರು ಚಪ್ಪಟೆಯಾಗಿ ಬೇರಿಂಗು ಹಿಡಿದುಕೊಳ್ಳುತ್ತದೆ ಎಂದು ನಾನು ನೋಡಿದ ವಿಡಿಯೋಗಳಲ್ಲೆಲ್ಲ ಹೇಳುತ್ತಾರೆ. ನಾನು ಒಂದು ಸಲವೂ ಮಾಡಿರಲಿಲ್ಲ. ಪಂಚಾಂಗ ಮಾಡಿಸಿತು.

ಆ ಮೂರು ತಿಂಗಳು ನಾನು ಅಲ್ಲಿಗೆ ಹೋಗಲು ನೆಪ ಹುಡುಕುತ್ತಿದ್ದೆ. ಇಷ್ಟು ದಿನ ಕಸದ ಬುಟ್ಟಿಯಿಂದ ಊಹಿಸುತ್ತಿದ್ದದ್ದು ಈಗ ಕಣ್ಣೆದುರು ನಡೆಯುತ್ತಿತ್ತು. ಸೊಸೆ ನನ್ನ ಮಂಚದ ಕೆಳಗಿನ ಗೂಡಿನಲ್ಲಿ ರಾಗಿಹಿಟ್ಟಿನ ಡಬ್ಬಿ ಇಟ್ಟರು. ಸಿಂಕಿನ ಮೇಲಿನ ಕಪಾಟಿನ ಬಾಗಿಲು ಮುದ್ದೆ ತೊಳಸುವಾಗ ಮೊಣಕೈಗೆ ಹೊಡೆಯುತ್ತದೆ ಎಂದರು. ನಾನು ಕಿತ್ತು ಜಾರುವ ಬಾಗಿಲು ಹಾಕಿದೆ. ಬಾಡಿಗೆಗೆ ಒಯ್ದವರು ಯಾರೂ ಅಲ್ಲಿ ಮುದ್ದೆ ತೊಳಸಿರಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು? ಅಜ್ಜಿ ಮೆಟ್ಟಿಲ ಮುಂದೆ ರಂಗೋಲಿ ಮಾತ್ರ ಹಾಕಲಿಲ್ಲ. ಕೇಳಿದರೆ, “ಬಸ್ಸಿನ ಮುಂದೆ ಯಾರಾದ್ರೂ ರಂಗೋಲಿ ಬುಡ್ತಾರಾ?” ಎನ್ನುತ್ತಿದ್ದರು.

ಪಿ.ಜಿ.ಯವರಲ್ಲಿ ಒಬ್ಬೊಬ್ಬರೇ ಕಡಿಮೆಯಾದರು. ಒಬ್ಬನಿಗೆ ಕೆಲಸ ಸಿಕ್ಕಿತು, ಇಬ್ಬರು ಊರಿಗೆ ಹೋದರು. ಕೊನೆಯ ಹುಣ್ಣಿಮೆಗೆ ತಳ್ಳಲು ಗೋಡೌನಿನವರನ್ನು ಕರೆಯಬೇಕಾಯಿತು.

ಅವಧಿ ಮುಗಿಯುವುದಕ್ಕೆ ಕಾದಿದ್ದವನಂತೆ ಇಂದಿರಾನಗರದ ಗಿರಾಕಿ ಬಂದ. ಶಾಂತಿ ಮುಗಿದು, ಮುಳ್ಳು ತೆಗೆದು, ಇವರು ಪಾತ್ರೆಗಳನ್ನು ಓಣಿಯಾಚೆಗೆ ಸಾಗಿಸುತ್ತಿದ್ದ ದಿನವೇ. ಈ ಸಲ ಸೀಮೆಸುಣ್ಣ ತಂದಿದ್ದ. ಗೋಡೆಯ ಮೇಲೆ ಗೆರೆ ಎಳೆಯಲು ಕೈ ಎತ್ತಿದವನನ್ನು ಸೊಸೆ ತಡೆದರು.

“ಸ್ವಲ್ಪ ಇರಿ ಸಾರ್.” ನನ್ನ ಕಡೆ ತಿರುಗಿ, “ಅಕ್ಕ, ಸರ್ವಜ್ಞನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆ ಪಕ್ಕ ಬೇಕರಿಯೋರಿದಾರೆ. ಹಳೇ ಮನೆ ಒಡ್ದು ಕಟ್ತಾವ್ರೆ. ಸಿಮೆಂಟು ಕಬ್ಬಿಣ ಕಾಯೋಕೆ ಅಲ್ಲೇ ಇರ್ಬೇಕಂತೆ, ಕಾಂಪೌಂಡ್‌ನಲ್ಲಿ ಇದನ್ನ ನಿಲ್ಸಿದ್ರೆ ಮನೆ ಏಳೋವರ್ಗೂ ಇರ್ತಾರಂತೆ. ನಾನು ಹೇಳ್ಬಿಟ್ಟಿದೀನಿ. ಕೊಡಲ್ಲ ಅಂದ್ರೆ ನೀವೇ ಫೋನ್ ಮಾಡಿ.”

ಗಿರಾಕಿ ಸೀಮೆಸುಣ್ಣ ಕೈಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದ. “ಮೇಡಂ, ಒಂದ್ ಮನೆ ಕಟ್ಟೋದು ಎಷ್ಟ್ ದಿನ? ಆಮೇಲೇನ್ ಮಾಡ್ತೀರಾ?”

ಒಳ್ಳೆಯ ಪ್ರಶ್ನೆ. “ಈ ಊರಲ್ಲಿ ಮನೆ ಒಡೆಯೋದು ನಿಲ್ಲುತ್ತಾ ಸಾರ್?” ಎಂದೆ. ಅವನು ಸುತ್ತ ನೋಡಿ, ಎದುರಿನ ಪಿ.ಜಿ. ನೋಡಿ, ತಲೆ ಕೆರೆದುಕೊಂಡು, “ಅದಂತೂ ನಿಲ್ಲಲ್ಲ ಬಿಡಿ” ಎಂದು ಸೀಮೆಸುಣ್ಣ ಜೇಬಿಗಿಟ್ಟ.

ಭಾಯಿ ಅವರ ಟೆಂಪೋ ಎರವಲು ತಂದು ಡಬ್ಬವನ್ನು ಎಳೆದೊಯ್ದೆ. ಅದು ಈಗ ಬೇಕರಿಯವರ ಕಾಂಪೌಂಡಿನಲ್ಲಿ ಜಲ್ಲಿ ರಾಶಿಯ ಪಕ್ಕ ನಿಂತಿದೆ. ಮಾರ್ಕೆಟ್ ಇನ್ನೂ ಡಲ್ಲೇ. ಒಂದೂ ಪ್ರವಾಸದ ಬುಕಿಂಗ್ ಬಂದಿಲ್ಲ, ನನ್ನ ಅಂಗಡಿಯ ಸಂಬಳವೂ ಅರ್ಧದಲ್ಲೇ ಇದೆ. ಆದರೆ ಗೋಡೆ ಮಾತ್ರ ಇಡಿಯಾಗಿದೆ.

ಕೈಕಟ್ಟಿದ ಕಾಲದಲ್ಲಿ ನಿಮ್ಮ ಆಟೋ, ಟೆಂಪೋ, ಹೊಲಿಗೆ ಮಿಷಿನ್ನು, ಖಾಲಿ ಅಂಗಡಿ ಏನು ವೇಷ ಹಾಕಿತು? ಮಾರದೆ ಹೇಗೆ ಉಳಿಸಿಕೊಂಡಿರಿ, ಅಥವಾ ಮಾರಿದ ಮೇಲೆ ಏನನಿಸಿತು? ನಿಮ್ಮ ಕಡೆ ಕೆಟ್ಟ ನಕ್ಷತ್ರಕ್ಕೆ ಮನೆ ಬಿಟ್ಟವರು ಎಲ್ಲಿ ಹೋಗಿ ಇರುತ್ತಾರೆ? ದಯವಿಟ್ಟು ಬರೆಯಿರಿ. ಸಣ್ಣದಾದರೂ ಪರವಾಗಿಲ್ಲ. ಬೇಕರಿಯವರ ಮನೆಗೆ ಆಗಲೇ ಪಾಯ ಹಾಕಿಯಾಗಿದೆ, ನನಗೆ ಮುಂದಿನ ಉಪಾಯಗಳು ಬೇಕು.